ಮೇಷ್ಟ್ರ ಮನೆಯಲ್ಲಿ ಪಿಂಕ್ ಫ್ಲಾಯ್ಡ್

ಬಾಗಲೂರಿನ ಗಣಿತದ ಮೇಷ್ಟ್ರೊಬ್ಬರ ಮನೆಯಿಂದ 1996ರ ಒಂದು ಸಂಜೆ ಇಂಗ್ಲಿಷ್ ಹಾಡೊಂದು ಬೀದಿಯವರೆಗೂ ಕೇಳಿಸಿತು. ಹಾಡುತ್ತಿದ್ದವರು ಮಕ್ಕಳು; ಓದೂ ಬೇಡ, ಮೇಷ್ಟ್ರ ಕಾಟವೂ ಬೇಡ ಎನ್ನುವ ಧಾಟಿ. ಪಾಠ ಹೇಳಿಸಿಕೊಳ್ಳಲು ಜಗಲಿಯ ಮೇಲೆ ಕೂತಿದ್ದ ಹತ್ತನೇ ತರಗತಿಯ ಹುಡುಗರು ತಲೆ ತಗ್ಗಿಸಿ ನಕ್ಕರು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಒಳಗೆ ಹೋದರು.

"ಏನೋ ಇದು?"

"ಪಿಂಕ್ ಫ್ಲಾಯ್ಡ್, ಅಪ್ಪ."

"ವ್ಯಾಕರಣವೇ ತಪ್ಪಲ್ಲೋ. ಒಂದೇ ವಾಕ್ಯದಲ್ಲಿ ಎರಡು ಸಲ 'ಇಲ್ಲ' ಅಂತಾನೆ. ಮೈನಸ್ಸನ್ನ ಮೈನಸ್ಸಿನಿಂದ ಗುಣಿಸಿದರೆ ಏನಾಗುತ್ತೆ?"

"ಪ್ಲಸ್ಸು."

"ಹಂಗಾದ್ರೆ ಓದು ಬೇಕು ಅಂತಲೇ ಹೇಳ್ತಿದಾನೆ. ಹೋಗಿ ಓದ್ಕೋ."

ಹುಡುಗ ಆಗ ಯಲಹಂಕದಲ್ಲಿ ಮೊದಲ ಪಿಯುಸಿ. ಬಾಗಲೂರು ಎಂದರೆ ಹೊಸೂರಿನ ಹತ್ತಿರದ ಬಾಗಲೂರಲ್ಲ, ಯಲಹಂಕದಾಚೆಯ ಬಾಗಲೂರು. ಆ ದಿನಗಳಲ್ಲಿ ಸುತ್ತಮುತ್ತ ದ್ರಾಕ್ಷಿ ಚಪ್ಪರ, ತಲೆಯ ಮೇಲೆ ಯಲಹಂಕ ವಾಯುನೆಲೆಯ ವಿಮಾನ. ಪಿಂಕ್ ಫ್ಲಾಯ್ಡ್ ಹಾಡುಗಳ ನಡುವೆಯೂ ವಿಮಾನಗಳು ಭರ್ರೆಂದು ಬಂದು ಹೋಗುತ್ತವೆ. ಯಾವುದು ಕ್ಯಾಸೆಟ್ಟಿನದು, ಯಾವುದು ಆಕಾಶದ್ದು ಎಂದು ಎಷ್ಟೋ ಸಲ ಅವನಿಗೆ ತಿಳಿಯುತ್ತಿರಲಿಲ್ಲವಂತೆ. ಬಸ್ಸಿನ ದುಡ್ಡು ಉಳಿಸಿ ಖಾಲಿ ಕ್ಯಾಸೆಟ್ಟು ಕೊಂಡು, ಗೆಳೆಯನ ಮನೆಯಲ್ಲಿ ತುಂಬಿಸಿಕೊಂಡು ಬಂದ ಸಂಗೀತ ಅದು.

ಈ ತಂಡದ ಪರಿಚಯ ಇಲ್ಲದವರಿಗೆ ಎರಡು ಮಾತು. 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ತಂಡ. ಮೊದಲಿನ ನಾಲ್ವರಲ್ಲಿ ಮೂವರು ವಾಸ್ತುಶಿಲ್ಪ ಓದಲು ಕಾಲೇಜು ಸೇರಿದ್ದವರು. ಹೆಸರು ಪಡೆದದ್ದು ಅಮೆರಿಕದ ಇಬ್ಬರು ಬ್ಲೂಸ್ ಗಾಯಕರಿಂದ. 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' ಧ್ವನಿಮುದ್ರಿಕೆ 1988ರ ಹೊತ್ತಿಗೆ ಅಮೆರಿಕದ ಜನಪ್ರಿಯ ಪಟ್ಟಿಯಲ್ಲಿ ಒಟ್ಟು 741 ವಾರ ಕಳೆದಿತ್ತು. ಇಷ್ಟಾದರೂ ರಾಕ್ ಎಂದಕೂಡಲೇ ನಮಗೆ ಹೊಳೆಯುವ ಅಬ್ಬರ ಇವರಲ್ಲಿ ಕಡಿಮೆ. ಆಲಾಪನೆಯ ಹಾಗೆ ನಿಧಾನ. 1975ರಲ್ಲಿ ಬಂದ 'ಶೈನ್ ಆನ್ ಯು ಕ್ರೇಜಿ ಡೈಮಂಡ್'ನಲ್ಲಿ ಹಾಡುಗಾರನ ದನಿ ಕೇಳಲು ಎಂಟು ನಿಮಿಷಕ್ಕಿಂತ ಹೆಚ್ಚು ಕಾಯಬೇಕು. ಸಿನಿಮಾ ಹಾಡಾಗಿದ್ದರೆ ಅಷ್ಟು ಹೊತ್ತಿಗೆ ಎರಡು ಹಾಡು ಮುಗಿದು ನಾಯಕ ನಾಯಕಿ ಮನೆ ಸೇರಿರುತ್ತಿದ್ದರು.

ಆ ಹಾಡಿನ ಹಿಂದಿನ ಕಥೆಯನ್ನು ಹೆತ್ತವರೂ ಮಕ್ಕಳೂ ತಿಳಿದಿರಬೇಕು. ತಂಡದ ಮೊದಲ ನಾಯಕ ಸಿಡ್ ಬ್ಯಾರೆಟ್. ಮಾದಕ ವಸ್ತುಗಳ ಸಹವಾಸ, ಜೊತೆಗೆ ಮನಸ್ಸಿನ ಅಸ್ವಸ್ಥತೆ. ವೇದಿಕೆಯ ಮೇಲೆ ಸುಮ್ಮನೆ ನಿಂತುಬಿಡುವ ಸ್ಥಿತಿಗೆ ಬಂದು 1968ರಲ್ಲಿ ತಂಡದಿಂದ ಹೊರಬಿದ್ದ. ಅವನನ್ನೇ ನೆನೆದು ಗೆಳೆಯರು ಈ ಹಾಡಿನ ಕೆಲಸದಲ್ಲಿದ್ದಾಗ, 1975ರ ಜೂನಿನಲ್ಲಿ, ತಲೆ ಹುಬ್ಬು ಎರಡನ್ನೂ ಬೋಳಿಸಿಕೊಂಡ ದಪ್ಪ ಮನುಷ್ಯನೊಬ್ಬ ಸ್ಟುಡಿಯೋದೊಳಗೆ ಬಂದು ಕೂತ. ಅದು ಸಿಡ್ ಎಂದು ಅವರಿಗೆ ಗುರುತು ಸಿಗಲು ಹೊತ್ತು ಹಿಡಿಯಿತು. ಮುಂದೆ ಅವನು ಕೇಂಬ್ರಿಜ್‌ನಲ್ಲಿ ಚಿತ್ರ ಬರೆಯುತ್ತ, ಗಿಡ ನೋಡಿಕೊಳ್ಳುತ್ತ ಇದ್ದು 2006ರಲ್ಲಿ ತೀರಿಕೊಂಡ. ಬಾಗಲೂರಿನ ಹುಡುಗ ಇದನ್ನು ಮನೆಯಲ್ಲಿ ಮುಚ್ಚಿಡಲಿಲ್ಲ. "ಆ ಹುಡುಗನ ತಾಯಿ ಏನು ಮಾಡಿದಳೋ" ಎಂದಷ್ಟೇ ಅಮ್ಮ ಕೇಳಿದ್ದು.

1998ರಲ್ಲಿ ಎರಡನೇ ಪಿಯುಸಿ ಫಲಿತಾಂಶ ಬಂತು. ಗಣಿತದ ಮೇಷ್ಟ್ರ ಮಗ ಗಣಿತದಲ್ಲಿ ಫೇಲು. ಮೇಷ್ಟ್ರು ಬೈಯಲಿಲ್ಲ, ಹೊಡೆಯಲಿಲ್ಲ. ಟೇಪ್ ರೆಕಾರ್ಡರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. ಮಾರನೆಯ ದಿನದಿಂದ ಜಗಲಿಯ ಪಾಠಕ್ಕೆ ತನಗಿಂತ ಚಿಕ್ಕವರ ಪಕ್ಕದಲ್ಲಿ ಮಗನೂ ಕೂರಬೇಕಾಯಿತು. ಎರಡು ತಿಂಗಳು ಅಪ್ಪ ಮಗನ ನಡುವೆ ಲೆಕ್ಕದ ಹೊರತು ಬೇರೆ ಮಾತಿರಲಿಲ್ಲ.

ಟೇಪ್ ರೆಕಾರ್ಡರನ್ನು ಕೆಳಗಿಳಿಸಿದವರು ಮೇಷ್ಟ್ರೇ. ಅವರಿಗೆ ಕರ್ನಾಟಕ ಸಂಗೀತದ ಹುಚ್ಚು. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗೆ ವರ್ಷವೂ ಹೋಗಿ, ಕೊನೆಯ ಬಸ್ಸು ತಪ್ಪಿಸಿಕೊಂಡು ಬೆಳಗಿನ ಜಾವ ಮನೆ ಸೇರುತ್ತಿದ್ದವರು. ಒಂದು ಭಾನುವಾರ ತಮ್ಮ ಕ್ಯಾಸೆಟ್ಟು ಹಾಕಲೆಂದು ಪೆಟ್ಟಿಗೆ ಇಳಿಸಿ ಗುಂಡಿ ಒತ್ತಿದರೆ, ಒಳಗೆ ಮಗನ ಕ್ಯಾಸೆಟ್ಟೇ ಉಳಿದಿತ್ತು. ಚಿಲ್ಲರೆ ಕಾಸು ಸುರಿದ ಸದ್ದು, ಕಾಗದ ಹರಿದ ಸದ್ದು, ಅಂಗಡಿಯ ಗಲ್ಲಾಪೆಟ್ಟಿಗೆಯ ಸದ್ದು. ಯಂತ್ರ ಕೆಟ್ಟಿತೆಂದು ನಿಲ್ಲಿಸಲು ಹೋದವರು ನಿಲ್ಲಿಸಲಿಲ್ಲ. ಬಲಗೈ ತೊಡೆಯ ಮೇಲೆ ಎಣಿಸತೊಡಗಿತ್ತು.

"ಲೋ, ಬಾ ಇಲ್ಲಿ. ಇದು ಏಳು ಕಣೋ. ಮಿಶ್ರ."

ಅದು 'ಮನಿ' ಎಂಬ ಹಾಡು. ಪಾಶ್ಚಾತ್ಯ ಜನಪ್ರಿಯ ಸಂಗೀತ ಬಹುಮಟ್ಟಿಗೆ ನಾಲ್ಕರ ಎಣಿಕೆಯಲ್ಲೇ ನಡೆಯುವುದರಿಂದ, ಏಳರಲ್ಲಿ ನಡೆಯುವ ಹಾಡೊಂದು ಅಷ್ಟು ಜನಪ್ರಿಯವಾದದ್ದೇ ವಿಶೇಷ. ಅದನ್ನು ಬರೆದ ರೋಜರ್ ವಾಟರ್ಸ್, ಹೆಂಡತಿ ಕುಂಬಾರಿಕೆಗೆ ಬಳಸುತ್ತಿದ್ದ ಬೋಗುಣಿಯಲ್ಲಿ ಕಾಸು ಎಸೆದು ಸದ್ದು ಹಿಡಿದಿದ್ದರು. ಏಳು ಎಣಿಕೆಗೆ ಏಳು ಸದ್ದು. ಟೇಪನ್ನು ಅಳತೆಪಟ್ಟಿ ಹಿಡಿದು ಸಮವಾಗಿ ಕತ್ತರಿಸಿ, ಅಂಟಿಸಿ, ಸುತ್ತು ಸುತ್ತು ತಿರುಗುವಂತೆ ಮಾಡಿದ್ದರು. ಮಗ ಇದನ್ನು ಹೇಳಿದಾಗ ಮೇಷ್ಟ್ರ ಕಣ್ಣರಳಿತು. ಅಳತೆಪಟ್ಟಿ ಹಿಡಿದವನು ಅವರ ಲೆಕ್ಕದಲ್ಲಿ ದಾರಿ ತಪ್ಪಿದವನಲ್ಲ. ಹಾಡಿನ ನಡುವೆ ಗಿಟಾರು ಎದ್ದಾಗ ಏಳು ಬಿಟ್ಟು ನಾಲ್ಕಾಗುತ್ತದೆ, ಚತುರಶ್ರ. ಗಿಟಾರು ಮುಗಿದ ಮೇಲೆ ಮತ್ತೆ ಏಳು. ಆ ತಿರುವನ್ನು ಅಪ್ಪ ಮಗ ಹಿಂದೆ ತಿರುಗಿಸಿ ತಿರುಗಿಸಿ ಕೇಳಿದರು. ಅಕ್ಟೋಬರಿನ ಪರೀಕ್ಷೆಯಲ್ಲಿ ಹುಡುಗ ಪಾಸಾದ. ಏಳರ ಮಹಿಮೆ ಎನ್ನುವಂತಿಲ್ಲ. ಎರಡು ತಿಂಗಳು ಜಗಲಿಯಲ್ಲಿ ಕೂತದ್ದೂ ಇತ್ತಲ್ಲ.

ಅವೆನ್ಯೂ ರಸ್ತೆಯ ಹಳೆ ಪುಸ್ತಕಗಳ ರಾಶಿಯಲ್ಲಿ ಸಿಕ್ಕ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ವಾಟರ್ಸ್ ಬದುಕಿನ ವಿವರವಿತ್ತು. ಶಾಲೆಯನ್ನು ಹಳಿದ ಆ ಹಾಡಿನ ಕರ್ತೃವಿನ ಅಪ್ಪನೂ ಮೇಷ್ಟ್ರು, ಅಮ್ಮನೂ ಮೇಷ್ಟ್ರು. ಯುದ್ಧವನ್ನು ವಿರೋಧಿಸಿ ಲಂಡನ್ನಿನಲ್ಲಿ ಆಂಬುಲೆನ್ಸ್ ಓಡಿಸಿದ್ದ ಅಪ್ಪ, ಆಮೇಲೆ ಮನಸ್ಸು ಬದಲಿಸಿ ಸೈನ್ಯ ಸೇರಿ, 1944ರ ಫೆಬ್ರವರಿ 18ರಂದು ಇಟಲಿಯ ಆಂಜಿಯೋದಲ್ಲಿ ಸತ್ತರು. ಮಗನಿಗೆ ಆಗ ಐದು ತಿಂಗಳು. 'ದಿ ವಾಲ್' ಎಂಬ 1979ರ ಆ ಧ್ವನಿಮುದ್ರಿಕೆಯ ಮೊದಲ ಇಟ್ಟಿಗೆಯೇ ಇಲ್ಲದ ಅಪ್ಪ. (ಎರಡು ತಟ್ಟೆ ತುಂಬ ಅಳು ಸ್ವಲ್ಪ ಹೆಚ್ಚಾಯಿತು ಎಂಬ ದೂರು ಅಭಿಮಾನಿಗಳಲ್ಲೇ ಇದೆ, ಅದರಲ್ಲಿ ಹುರುಳೂ ಇದೆ.) ಮೇಷ್ಟ್ರು ಪತ್ರಿಕೆ ಓದಿ ಮಡಚಿಟ್ಟು, "ಆ ಹಾಡು ಹಾಡಿದ ಮಕ್ಕಳಿಗೆ ಏನು ಕೊಟ್ಟರಂತೆ?" ಎಂದರು. ಸರಿಯಾದ ಪ್ರಶ್ನೆ. ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳು ಅವರು. ಶಾಲೆಗೆ 1,000 ಪೌಂಡು ಸಂದಿತು, ಮಕ್ಕಳ ಕೈಗೆ ದುಡ್ಡು ಬರಲಿಲ್ಲ. ದೊಡ್ಡವರಾದ ಮೇಲೆ 2004ರಲ್ಲಿ ಕೆಲವರು ತಮ್ಮ ಪಾಲು ಕೇಳಿದರು. ಅದೇ ಹಾಡನ್ನು 1980ರಲ್ಲಿ ದಕ್ಷಿಣ ಆಫ್ರಿಕದಲ್ಲಿ ತಾರತಮ್ಯದ ಶಿಕ್ಷಣದ ವಿರುದ್ಧ ತರಗತಿ ಬಹಿಷ್ಕರಿಸಿದ ಮಕ್ಕಳು ಹಾಡಿದರು, ಸರ್ಕಾರ ಹಾಡನ್ನೇ ನಿಷೇಧಿಸಿತು. ಅಲ್ಲಿ ಮಕ್ಕಳಿಗೆ ಬೇಕಾಗಿದ್ದದ್ದು ಒಳ್ಳೆಯ ಓದು. ಮೈನಸ್ಸು ಮೈನಸ್ಸು ಪ್ಲಸ್ಸು.

2002ರ ಏಪ್ರಿಲ್ 6, ಶನಿವಾರ, ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದರು. ತಂಡ ಬಿಟ್ಟು ಆಗಲೇ 17 ವರ್ಷ, ಬೇರೆ ವಾದ್ಯಗಾರರು. ಆದರೂ ಬಾಗಲೂರಿನಿಂದ ಬಳ್ಳಾರಿ ರಸ್ತೆ ಹಿಡಿದರೆ ನೇರ ದಾರಿ. ಹುಡುಗ ಬಿಎಸ್ಸಿ ಕೊನೆಯ ವರ್ಷ, ಪರೀಕ್ಷೆ ಹತ್ತಿರದಲ್ಲಿತ್ತು. ಟಿಕೇಟಿನ ದುಡ್ಡು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಮೇಷ್ಟ್ರೇ ಜೇಬಿನಿಂದ ತೆಗೆದು ಟೇಪ್ ರೆಕಾರ್ಡರಿನ ಮೇಲಿಟ್ಟರು. "ಕೊನೆ ಬಸ್ಸು ಸಿಗಲ್ಲ, ನನಗೆ ಗೊತ್ತು" ಎಂದರು.

ಸಿಗಲಿಲ್ಲ. ಹೆಬ್ಬಾಳದಲ್ಲಿ ಆಗಿನ್ನೂ ಮೇಲ್ಸೇತುವೆಯ ಕೆಲಸ. ಅಲ್ಲಿವರೆಗೆ ನಡೆದು, ಅಲ್ಲಿಂದ ಲಾರಿ ಹತ್ತಿ, ನಡುರಾತ್ರಿ ದಾಟಿದ ಮೇಲೆ ಹುಡುಗ ಬಾಗಲೂರು ಕ್ರಾಸಿನಲ್ಲಿ ಇಳಿದ. ಮುಚ್ಚಿದ ಬೀಡಾ ಅಂಗಡಿಯ ಮುಂದೆ ಮಫ್ಲರು ಸುತ್ತಿಕೊಂಡು, ಟಿವಿಎಸ್ ಒರಗಿಸಿಕೊಂಡು ಮೇಷ್ಟ್ರು ಕೂತಿದ್ದರು.

"ಆ ಏಳರದ್ದು ಹಾಡಿದರೇನೋ?"

"ಹೂಂ ಅಪ್ಪ."

"ನಾಲ್ಕಕ್ಕೆ ಹೋಗಿ ಮತ್ತೆ ಏಳಕ್ಕೆ ಸರಿಯಾಗಿ ಬಂದರಾ?"

"ಬಂದರು."

"ಸರಿ, ಹತ್ತು. ನಿಮ್ಮಮ್ಮ ಮಲಗಿಲ್ಲ."