ಪರಿಮಳದ ಸಿನಿಮಾ, ಅಮ್ಮನ ಸೀರೆ

ಹೋದ ತಿಂಗಳು ಒಂದು ಭಾನುವಾರ ಡೊಂಬಿವಲಿಯ ನಮ್ಮ ಮನೆಯಲ್ಲಿ ಗೆಳೆಯರೆಲ್ಲ ಸೇರಿ ‘ಪರ್ಫ್ಯೂಮ್’ ನೋಡಿದೆವು. ಪ್ಯಾಟ್ರಿಕ್ ಸ್ಯೂಸ್ಕಿಂಡ್ ಅವರ 1985ರ ಜರ್ಮನ್ ಕಾದಂಬರಿಯನ್ನು ಟಾಮ್ ಟಿಕ್ವರ್ 2006ರಲ್ಲಿ ತೆರೆಗೆ ತಂದ ಚಿತ್ರ. ಹದಿನೆಂಟನೇ ಶತಮಾನದ ಫ್ರಾನ್ಸ್. ಅಸಾಧಾರಣ ಮೂಗಿನ ಗ್ರೆನೂಯಿ, ಹೆಣ್ಣುಮಕ್ಕಳ ಮೈಗಂಧವನ್ನು ಸೀಸೆಯಲ್ಲಿ ಹಿಡಿದಿಡಲು ಕೊಲೆಗಾರನಾಗುತ್ತಾನೆ.

ಮುಗಿದದ್ದೇ ವಾದ ಶುರು. ಪ್ಯಾರಿಸ್ಸಿನ ಮೀನು ಮಾರುಕಟ್ಟೆ ಬಂದಾಗ ಸಸೂನ್ ಡಾಕ್ ನೆನಪಾಗಿ ಮೂಗು ಮುಚ್ಚಿಕೊಂಡೆ ಎಂದು ಒಬ್ಬ ಹೊಗಳಿದ. “ಕೊಲೆಯನ್ನು ಇಷ್ಟು ಚೆಂದ ತೋರಿಸಬಾರದು. ಸತ್ತ ಹುಡುಗಿಯರಲ್ಲಿ ಎಷ್ಟು ಜನರ ಹೆಸರು ನಿಮಗೆ ನೆನಪಿದೆ?” ಎಂದಳು ನನ್ನ ಹೆಂಡತಿ. ಯಾರೂ ಉತ್ತರಿಸಲಿಲ್ಲ.

ನಾನೂ ಸುಮ್ಮನಿದ್ದೆ. ಗ್ರಾಸ್ ಊರಿನಲ್ಲಿ ಹೂವನ್ನು ಕೊಬ್ಬಿನ ಮೇಲೆ ಹರಡಿ ಪರಿಮಳ ಹೀರಿಸುತ್ತಾರೆ. ಅದನ್ನೇ ಅವನು ಹೆಣ್ಣಿನ ಮೇಲೆ ಪ್ರಯೋಗಿಸುತ್ತಾನೆ. ನನ್ನ ಕಪಾಟಿನಲ್ಲೂ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅದರಲ್ಲಿ ಅಮ್ಮನ ಕೊನೆಯ ಹತ್ತಿ ಸೀರೆ: ಶಂಕರಪುರ ಮಲ್ಲಿಗೆ, ತೆಂಗಿನೆಣ್ಣೆ, ಒಲೆಯ ಹೊಗೆ ಬೆರೆತ ವಾಸನೆ. ಅದು ಹಾರಿಹೋದೀತೆಂದು ಮೂರು ವರ್ಷ ಗಂಟು ಬಿಚ್ಚಿರಲಿಲ್ಲ. ತಂಗಿ ಕೇಳಿದಾಗಲೂ ಕೊಟ್ಟಿರಲಿಲ್ಲ.

ಅವತ್ತು ರಾತ್ರಿ ಬಿಚ್ಚಿದೆ. ಪ್ಲಾಸ್ಟಿಕ್ಕಿನ ವಾಸನೆ ಮಾತ್ರ.

ಮರುದಿನವೇ ಸೀರೆಯನ್ನು ಉಡುಪಿಗೆ ಕೊರಿಯರ್ ಮಾಡಿ, ತಂಗಿಗೆ ಫೋನಿನಲ್ಲಿ ತಪ್ಪೊಪ್ಪಿಕೊಂಡೆ. ಅವಳು ಅದನ್ನುಟ್ಟು ಫೋಟೋ ಕಳಿಸಿದಳು, ಮುಡಿಯಲ್ಲಿ ಒಂದು ಚೆಂಡು ಮಲ್ಲಿಗೆ. ಕೆಳಗೆ ಬರೆದಿದ್ದಳು: “ನಾಲ್ಕು ದಿನ ಒಲೆ ಮುಂದೆ ಕೂತರೆ ಹೊಗೆ ವಾಸನೆಯೂ ಬರ್ತದೆ ಅಣ್ಣ. ನೀನು ಊರಿಗೆ ಬಾ.”