ಹಗ್ಗದ ಇನ್ನೊಂದು ತುದಿ

ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಓದಿದವಳು ನಾನು. ‘ಟಾಯ್’ ಗೊತ್ತು, ‘ಹಾಲ್’ ಎಂದರೆ ಎಳೆಯುವುದು ಎಂಬುದೂ ಗೊತ್ತು. ಇವೆರಡೂ ಕೂಡಿ ‘ಟಾಯ್ ಹಾಲರ್’ ಆದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾವ ಪ್ರೊಫೆಸರರೂ ಹೇಳಿಕೊಟ್ಟಿರಲಿಲ್ಲ. 2023ರ ನವೆಂಬರಿನಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿರುವ ಮಗಳ ಮನೆಗೆ ಹೋದಾಗ ಅದನ್ನು ಕಣ್ಣಾರೆ ಕಂಡೆ. ಪಿಕಪ್ ಗಾಡಿಯ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಉದ್ದನೆಯ ಮನೆ ಅದು. ಮುಂಭಾಗದಲ್ಲಿ ಅಡಿಗೆಕಟ್ಟೆ, ಫ್ರಿಜ್ಜು, ಹಾಸಿಗೆ, ಬಚ್ಚಲು, ಹಿಂಭಾಗದಲ್ಲಿ ಗ್ಯಾರೇಜು. ಹಿಂದಿನ ಗೋಡೆಯೇ ಬಾಗಿಲು. ಅದನ್ನು ಕೆಳಕ್ಕೆ ಇಳಿಸಿದರೆ ಮೋಟರ್‌ಸೈಕಲ್ ಹತ್ತಿಸುವ ಇಳಿಜಾರು ಹಲಗೆಯಾಗುತ್ತದೆ. ಆ ದೇಶದ ದೊಡ್ಡವರ ಆಟಿಕೆ ಎಂದರೆ ಮೋಟರ್‌ಸೈಕಲ್ಲು. ಚನ್ನಪಟ್ಟಣದ ಗೊಂಬೆ ಕೊಡಿಸಿ ಬೆಳೆಸಿದ ನನ್ನ ಮಗಳಿಗೂ ಈಗ ಅಂಥದ್ದೊಂದಿದೆ.

ಮನೆವಾರ್ತೆ ನೋಡಿಕೊಂಡಿರುವ ಹೆಂಗಸು ಮೋಟರ್‌ಸೈಕಲ್ ಕಟ್ಟುವ ವಿಷಯ ಬರೆಯುವುದೇ ಎಂದು ನೀವು ನಗಬಹುದು. ನಗಿ. ಆದರೆ ನಮ್ಮ ಸಂಘದ ಹುಡುಗರು, ಈಚೆಗೆ ಹುಡುಗಿಯರೂ, ಲಡಾಖಿಗೆ ಹೊರಟಾಗ ಬೈಕುಗಳನ್ನು ಟೆಂಪೋದಲ್ಲೋ ರೈಲಿನಲ್ಲೋ ಮುಂದಾಗಿ ಕಳಿಸುವುದನ್ನು ನಾನು ಬಾಲ್ಕನಿಯಿಂದ ನೋಡುತ್ತಲೇ ಇರುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಹೊರಟಿದ್ದು ಯೂಮಾ ಪಟ್ಟಣದ ಆಚೆ, ಕ್ಯಾಲಿಫೋರ್ನಿಯಾದ ಗಡಿಯೊಳಗಿರುವ ಇಂಪೀರಿಯಲ್ ಮರಳುದಿಬ್ಬಗಳಿಗೆ. ನಲವತ್ತು ಮೈಲಿಗೂ ಉದ್ದವಾದ ಮರಳು. ಬೇಸಿಗೆಯಲ್ಲಿ ಅಲ್ಲಿ ಕಾಲಿಡುವಂತಿಲ್ಲ, ಹೀಗಾಗಿ ಜನ ಚಳಿಗಾಲ ಕಾಯುತ್ತಾರೆ. ಹೊರಡುವ ಹಿಂದಿನ ದಿನ ಅಳಿಯಂದಿರು ಟ್ರೈಲರಿನ ಕೆಳಗೆ ಟಾರ್ಚು ಹಿಡಿದು ಮಲಗಿಬಿಟ್ಟರು. ಅದನ್ನು ಅವರು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಗ್ಯಾರೇಜಿನ ನೆಲದಲ್ಲಿ ಪಟ್ಟಿಯ ಕೊಕ್ಕೆ ಸಿಕ್ಕಿಸಲು ಉಕ್ಕಿನ ರಿಂಗುಗಳಿದ್ದವು: ನಾಲ್ಕು ಕಂಪನಿಯವರೇ ಕೂಡಿಸಿದ್ದು, ಎರಡು ಹಿಂದಿನ ಮಾಲೀಕರು ಆಮೇಲೆ ಹಾಕಿಸಿದ್ದು. ಮೇಲಿನಿಂದ ನೋಡಿದರೆ ಈ ಹೊಸ ಎರಡೇ ಹೆಚ್ಚು ಚಂದ, ಫಳಫಳ ಹೊಳೆಯುತ್ತಿದ್ದವು.

“ಅತ್ತೀ, ಆ ಹೊಸಾ ರಿಂಗು ಒಂದೀಟು ಜಗ್ಗಿ ನೋಡ್ರಿ” ಎಂದು ಕೆಳಗಿನಿಂದಲೇ ಕೂಗಿದರು. ಎರಡೂ ಕೈಯಿಂದ ಜಗ್ಗಿದೆ. ಅಲುಗಲಿಲ್ಲ.

“ಗಟ್ಟಿ ಅದರೀ” ಎಂದೆ.

“ನಮ್ಮ ಕೈಗೆ ಗಟ್ಟಿ. ಕೆಳಗ ನೋಡಿದ್ರ ಬರೇ ಹಲಗಿಗೆ ಸ್ಕ್ರೂ ಹೊಡದಾರ.”

ವಿಷಯ ಇರುವುದೇ ಇಲ್ಲಿ. ಆ ನೆಲ ಮುಕ್ಕಾಲು ಇಂಚಿನ ಪ್ಲೈವುಡ್. ಅದರ ಕೆಳಗೆ ಅಡ್ಡಡ್ಡವಾಗಿ ಉಕ್ಕಿನ ತೊಲೆಗಳಿರುತ್ತವೆ. ಹಳೆಯ ನಾಲ್ಕು ರಿಂಗುಗಳು ಹಲಗೆಯನ್ನು ದಾಟಿ ಆ ಉಕ್ಕಿಗೆ ಬೋಲ್ಟಾಗಿದ್ದವು. ಹೊಸ ಎರಡು ಹಲಗೆಯನ್ನಷ್ಟೇ ಕಚ್ಚಿಕೊಂಡಿದ್ದವು. ನೂರಿಪ್ಪತ್ತು ಕಿಲೋ ಬೈಕು ನಿಂತಲ್ಲಿ ನಿಂತಿದ್ದರೆ ಸ್ಕ್ರೂ ಸಾಕು. ರಸ್ತೆಯ ಗುಂಡಿಯಲ್ಲಿ ಗಾಡಿ ಎಗರಿದಾಗ ಅದೇ ಬೈಕು ಹಲವು ಪಟ್ಟು ಜೋರಿನಿಂದ ಮೇಲಕ್ಕೆ ಜಗ್ಗುತ್ತದೆ. ಆಗ ಹಲಗೆಯ ಚೂರು ಸಮೇತ ಸ್ಕ್ರೂ ಕಿತ್ತು ಬರುತ್ತದೆ.

ಅಳಿಯಂದಿರ ಗೆಳೆಯರೊಬ್ಬರಿಗೆ ಹಿಂದಿನ ವರ್ಷ ಹಾಗೇ ಆಗಿತ್ತಂತೆ. ರಿಂಗು ಕಿತ್ತು ಬೈಕು ಮಗ್ಗುಲಾಗಿ ಬಿದ್ದಿತು. ಮುಂದೆ ಪಿಕಪ್‌ನಲ್ಲಿ ಕುಳಿತವರಿಗೆ ಏನೂ ಕೇಳಿಸಲಿಲ್ಲ. ಊರು ಮುಟ್ಟಿ ಬಾಗಿಲು ತೆಗೆದರೆ ಒಳಗೆಲ್ಲ ಪೆಟ್ರೋಲಿನ ವಾಸನೆ, ಮಕ್ಕಳ ಹಾಸಿಗೆಯೂ ತೊಯ್ದಿತ್ತು. ಅವರ ಫ್ರಿಜ್ಜು ಗ್ಯಾಸಿನ ಉರಿಯಿಂದ ನಡೆಯುವಂಥದ್ದು. ಪುಣ್ಯಕ್ಕೆ ಅಂದು ಹಚ್ಚಿರಲಿಲ್ಲ. ಆ ರಾತ್ರಿ ಎರಡು ಮಕ್ಕಳೊಂದಿಗೆ ಬಯಲಿನಲ್ಲಿ ಮಲಗಿದರಂತೆ. ಕೇಳಿ ನನಗೆ ಅನ್ನ ಸೇರಲಿಲ್ಲ.

ಹಾಗೆಂದು ಸಿಕ್ಕಲ್ಲಿ ಹೊಸ ತೂತು ಕೊರೆಯುವಂತೆಯೂ ಇಲ್ಲ. ನೆಲದ ಕೆಳಗೆ ನೀರಿನ ಟ್ಯಾಂಕು, ವಯರು, ಗ್ಯಾಸಿನ ಕೊಳವೆ ಎಲ್ಲ ಹಾದುಹೋಗಿರುತ್ತವೆ. ಅದರ ಮೇಲೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಬೇರೆ. ಅಳಿಯಂದಿರು ಹಾಳೆಯ ಒಂದು ಅಂಚು ಬಿಡಿಸಿ, ಒಳಗೆ ಕೈಹಾಕಿ ನೋಡಿ, ಗುರುತು ಮಾಡಿಕೊಂಡ ಮೇಲೆಯೇ ಡ್ರಿಲ್ ಹಿಡಿದರು. ಬೋಲ್ಟಿನ ಕೆಳಗೆ ಅಂಗೈಯಗಲದ ಉಕ್ಕಿನ ತಗಡು ಕೊಟ್ಟು ನಟ್ಟು ಬಿಗಿದರು. ಗುಂಡಿ ಹರಿಯದಿರಲೆಂದು ಬಟ್ಟೆಯ ಹಿಂದೆ ಚಿಕ್ಕ ತುಂಡು ಇಟ್ಟು ಹೊಲಿಯುತ್ತೇವಲ್ಲ, ಅದೇ ಲೆಕ್ಕ.

ಕಟ್ಟುವ ಕೆಲಸದಲ್ಲಿ ನಾನೂ ಸೇರಿದೆ. ಒಂದು ಬೈಕಿಗೆ ನಾಲ್ಕು ಪಟ್ಟಿ: ಮುಂದೆ ಎರಡು, ಹಿಂದೆ ಎರಡು. ಮುಂದಿನ ಚಕ್ರವನ್ನು ಅಲುಗದಂತೆ ಒಂದು ಚೌಕಟ್ಟಿನಲ್ಲಿ ಕೂಡಿಸಬೇಕು. ಪಟ್ಟಿಯನ್ನು ಹ್ಯಾಂಡಲಿನ ತುದಿಗೋ ಕನ್ನಡಿಗೋ ಕಟ್ಟಬಾರದು. ಹ್ಯಾಂಡಲಿನ ಕೆಳಗೆ ಎರಡು ಫೋರ್ಕುಗಳನ್ನೂ ಹಿಡಿದಿರುವ ಗಟ್ಟಿ ಭಾಗವಿದೆ, ಅಲ್ಲಿಗೆ ಮೆತ್ತನೆಯ ಬಟ್ಟೆಯ ಕುಣಿಕೆ ಹಾಕಿ, ಕುಣಿಕೆಗೆ ಕೊಕ್ಕೆ ಹಾಕಬೇಕು. ಪಟ್ಟಿ ಮುಂದಕ್ಕೂ ಹೊರಕ್ಕೂ ಓರೆಯಾಗಿ ಇಳಿಯಬೇಕು. ಮಗಳು ಸೀಟಿನ ಮೇಲೆ ಕುಳಿತು ಮುಂದಕ್ಕೆ ಭಾರ ಹಾಕಿದಳು. ಎಡಕ್ಕೆ ಅಳಿಯಂದಿರು, ಬಲಕ್ಕೆ ನಾನು, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದೆವು.

ಭಾರ ಏಕೆ ಎಂದು ಕೇಳಿದೆ. ಫೋರ್ಕಿನೊಳಗೆ ಸ್ಪ್ರಿಂಗು ಇರುತ್ತದೆ. ಅದನ್ನು ಒತ್ತದೆ ಕಟ್ಟಿದರೆ, ಗುಂಡಿ ಬಂದಾಗ ಸ್ಪ್ರಿಂಗು ತಾನಾಗಿ ಕುಗ್ಗಿ, ಪಟ್ಟಿ ಸಡಿಲಾಗಿ, ಕೊಕ್ಕೆ ರಿಂಗಿನಿಂದ ಹಾರಿಬಿಡುತ್ತದೆ. ಅರ್ಧದಷ್ಟು ಒತ್ತಿ ಕಟ್ಟಿದರೆ ಸ್ಪ್ರಿಂಗೇ ಮೇಲಕ್ಕೆ ತಳ್ಳುತ್ತ ಪಟ್ಟಿಯನ್ನು ಬಿಗಿಯಾಗಿ ಇಡುತ್ತದೆ. ಪೂರ್ತಿ ಒತ್ತಿಬಿಟ್ಟರೆ ಕುಗ್ಗಲು ಜಾಗವೇ ಉಳಿಯದೆ ಪ್ರತಿ ಪೆಟ್ಟೂ ರಿಂಗಿಗೆ ಬೀಳುತ್ತದೆ. ಪಟ್ಟಿಯ ಮೇಲೆ ಎರಡು ಅಂಕಿ ಅಚ್ಚಾಗಿರುವುದನ್ನೂ ತೋರಿಸಿದರು: 1200 ಪೌಂಡು ಅದು ಹರಿಯುವ ಭಾರ, 400 ಪೌಂಡು ನಾವು ನೆಚ್ಚಬೇಕಾದ ಭಾರ. ಅಂಗಡಿಯವ ಕೂಗಿ ಹೇಳುವುದು ದೊಡ್ಡ ಅಂಕಿಯನ್ನೇ ಅನ್ನಿ. ಕೊನೆಗೆ ಸ್ಟ್ಯಾಂಡು ಮೇಲೆತ್ತಿ, ಗೇರಿನಲ್ಲಿಟ್ಟು, ಪೆಟ್ರೋಲಿನ ಕಾಕ್ ಮುಚ್ಚಿದರು.

ಬೈಕನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ನನಗೆ ಯಾರೂ ಹೇಳಬೇಕಾಗಲಿಲ್ಲ. ಎತ್ತಿನ ಗಾಡಿ ಹಿಂಭಾರವಾದರೆ ನೊಗ ಮೇಲೇಳುತ್ತದೆ ಎಂಬುದು ನಮ್ಮ ಹಾವೇರಿ ಕಡೆಯ ಕೂಸಿಗೂ ಗೊತ್ತು. ಟ್ರೈಲರೂ ಅಷ್ಟೇ. ಒಟ್ಟು ಭಾರದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಕೂರಬೇಕಂತೆ. ಕಡಿಮೆಯಾದರೆ ಗಾಡಿ ಹಾವಿನಂತೆ ಹೊಯ್ದಾಡುತ್ತದೆ.

ಹೊರಟು ಇಪ್ಪತ್ತು ಮೈಲಿಗೆ ಒಮ್ಮೆ, ಗಿಲಾ ಬೆಂಡ್ ಎಂಬ ಊರಿನ ಪೆಟ್ರೋಲ್ ಬಂಕಿನಲ್ಲಿ ಇನ್ನೊಮ್ಮೆ ಗಾಡಿ ನಿಲ್ಲಿಸಿ ಪಟ್ಟಿಗಳನ್ನು ಮುಟ್ಟಿ ನೋಡಿದೆವು. ಮೊದಲ ಸಲ ಒಂದು ಪಟ್ಟಿ ನಿಜವಾಗಿಯೂ ಸಡಿಲಾಗಿತ್ತು. ಇಳಿಸುವಾಗ ಮೊದಲು ಸ್ಟ್ಯಾಂಡು ಕೆಳಗಿಳಿಸಿ, ಬಲಗಡೆಯ ಪಟ್ಟಿ ಬಿಚ್ಚಬೇಕು. ಆಗ ಬೈಕು ಎಡಕ್ಕೆ ವಾಲಿ ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಎಡಗಡೆಯದನ್ನು ಮೊದಲು ಬಿಚ್ಚಿದರೆ ಬಲಕ್ಕೆ, ಅಂದರೆ ನಿಂತವರ ಕಾಲ ಮೇಲೆ.

ಮೊನ್ನೆ ಇಲ್ಲೇ ಪುಣೆಯಲ್ಲಿ ನಮ್ಮ ಕಟ್ಟಡದ ಕನ್ನಡದ ಹುಡುಗನೊಬ್ಬ ಬೈಕನ್ನು ಟೆಂಪೋದಲ್ಲಿ ಹುಬ್ಬಳ್ಳಿಗೆ ಕಳಿಸುತ್ತಿದ್ದ. ಟೆಂಪೋದವ ನೈಲಾನ್ ಹಗ್ಗವನ್ನು ಭದ್ರವಾಗಿ ಐದು ಸುತ್ತು ಸುತ್ತಿ, ತುದಿಯನ್ನು ಹಿಂಬಾಗಿಲಿನ ತುಕ್ಕು ಹಿಡಿದ ಚಿಲಕಕ್ಕೆ ಕಟ್ಟುತ್ತಿದ್ದ. ಕೆಳಗಿಳಿದು ಹೋಗಿ, ಚಾಸಿಗೆ ಬೆಸುಗೆ ಹಾಕಿದ ಕೊಂಡಿ ತೋರಿಸಿದೆ. “ಕಾಹೀ ಹೋತ ನಾಹೀ, ಕಾಕೂ” ಎಂದ. ನಾನು ಅಲ್ಲೇ ನಿಂತೆ. ಹತ್ತು ನಿಮಿಷ ನಿಂತ ಮೇಲೆ ಬಿಚ್ಚಿ ಕಟ್ಟಿದ. ಮಗಳು ಬರುವಾಗ ಸೂಟ್‌ಕೇಸಿನಲ್ಲಿ ಹಾಕಿಕೊಟ್ಟ ನಾಲ್ಕು ಪಟ್ಟಿಗಳಲ್ಲಿ ಎರಡನ್ನು ಆ ಹುಡುಗ ಒಯ್ದಿದ್ದಾನೆ, ಇನ್ನೂ ತಂದುಕೊಟ್ಟಿಲ್ಲ. ಉಳಿದೆರಡು ನನ್ನ ಹತ್ತಿರವೇ ಇವೆ. ಬೇಕಾದವರು ಬಂದು ಚಹಾ ಕುಡಿದು ಒಯ್ಯಬಹುದು.