ನಾನು ಸಾಕಿದ ಜೇಡ

ಅಂಜಿಕೆಗಳಲ್ಲಿ ಎರಡು ಬಗೆ. ಹೇಳಿಕೊಂಡರೆ ಜನರು ಮರುಗುವ ಅಂಜಿಕೆ ಒಂದು. ಹೇಳಿಕೊಂಡರೆ ಜನರು ನಗುವ ಅಂಜಿಕೆ ಇನ್ನೊಂದು. ಹಾವಿಗೆ ಅಂಜುವವನನ್ನು ಯಾರೂ ಹಳಿಯುವುದಿಲ್ಲ. ಹುಲಿಗೆ ಅಂಜುವವನನ್ನಂತೂ ಜಾಣನೆಂದೇ ಕರೆಯುತ್ತಾರೆ. ಆದರೆ ‘ನಾನು ಜೇಡಕ್ಕೆ ಅಂಜುತ್ತೇನೆ’ ಎಂದು ಒಮ್ಮೆ ಹೇಳಿ ನೋಡಿರಿ, ತೊಟ್ಟಿಲ ಕೂಸು ಕೂಡ ನಗುತ್ತದೆ. ನಾನು ಈ ಎರಡನೆಯ ವರ್ಗಕ್ಕೆ ಸೇರಿದವನು. ಮುಂಡರಗಿ ತಾಲೂಕಿನ ನಮ್ಮ ಊರಿನಲ್ಲಿ, ಕತ್ತಲೆಯ ಕೋಣೆಯಿಂದ ಎತ್ತುಗಳಿಗೆ ಹೊಟ್ಟು ತರುವ ಕೆಲಸ ನನ್ನ ಪಾಲಿಗೆ ಬಂದರೆ ಅದನ್ನು ತಂಗಿಗೆ ಒಪ್ಪಿಸಿ, ಬದಲಿಗೆ ಅವಳ ಪಾಲಿನ ನೀರು ಹೊರುತ್ತಿದ್ದೆ. ಒಂದು ಪುಟ್ಟಿ ಹೊಟ್ಟಿಗೆ ಎರಡು ಕೊಡ ನೀರು. ಅವಳು ಅದನ್ನು ಮೂರು ಕೊಡಕ್ಕೆ ಏರಿಸಿದಾಗಲೂ ನಾನು ತಕರಾರು ಮಾಡಲಿಲ್ಲ.

ಬಿ.ಎ. ತರಗತಿಗೆ ಸೇರಿದ ಮೇಲೆ ಬೆಟಗೇರಿಯಲ್ಲಿ ನೇಕಾರರೊಬ್ಬರ ಮನೆಯ ಹಿಂಬದಿಯ ಖೋಲಿ ಬಾಡಿಗೆಗೆ ಸಿಕ್ಕಿತು. ನಮ್ಮ ಅಪ್ಪನ ಕೈಗೆ ನಿಲುಕುವ ಖೋಲಿ ಅದೊಂದೇ. ದಿನಾಲು ಊರಿನಿಂದ ಬಸ್ಸಿನಲ್ಲಿ ಬಂದು ಹೋಗುವುದೆಂದರೆ ಮೊದಲ ತಾಸು ತಪ್ಪಬೇಕು, ಇಲ್ಲವೆ ಅಭ್ಯಾಸ ತಪ್ಪಬೇಕು. ಹೀಗಾಗಿ ಆ ಖೋಲಿ ಎಂದರೆ ನನಗೆ ಕಾಲೇಜೇ ಆಗಿತ್ತು. ಮೊದಲ ರಾತ್ರಿ ದೀಪ ಹಾಕಿದಾಗ, ಹಾಸಿಗೆಯ ಎದುರು ಗೋಡೆಯ ಮೇಲೆ ಅಂಗೈ ಅಗಲದ ಜೇಡವೊಂದು ಕಾಲು ಚಾಚಿಕೊಂಡು ಕುಳಿತಿತ್ತು. ಆ ರಾತ್ರಿ ಹೊರಗಿನ ಕಟ್ಟೆಯ ಮೇಲೆ ಮಲಗಿದೆ, ಮರುರಾತ್ರಿಯೂ ಅಲ್ಲಿಯೇ. ಮೂರನೆಯ ರಾತ್ರಿ ಮಳೆ ಬಂದಿತು. ಒಳಗೆ ಜೇಡ, ಹೊರಗೆ ಮಳೆ. ಬಾಗಿಲಲ್ಲಿ ನೆನೆಯುತ್ತ ನಿಂತ ನನಗೆ, ಖೋಲಿ ಬಿಟ್ಟರೆ ಓದು ಬಿಟ್ಟಂತೆಯೇ ಎಂಬ ಮಾತು ಅಂದು ಸ್ಪಷ್ಟವಾಯಿತು.

ಬಡಿದು ಕೊಲ್ಲಬಹುದಿತ್ತಲ್ಲ ಎಂದು ವಾಚಕರು ಕೇಳಬಹುದು. ಕೊಲ್ಲಬೇಕಾದರೆ ಹತ್ತಿರ ಹೋಗಬೇಕಷ್ಟೆ! ಹತ್ತಿರ ಹೋಗುವ ಧೈರ್ಯವಿದ್ದವನಿಗೆ ಕೊಲ್ಲುವ ಅವಶ್ಯಕತೆಯಾದರೂ ಏನಿದೆ? ಮನೆಯ ಅಜ್ಜನವರನ್ನು ಕರೆದೆ. ಅವರು ಇಂದಿಗೂ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗ ನೇಯುವವರು. ಗೋಡೆಯ ಕಡೆಗೆ ಒಮ್ಮೆ ನೋಡಿ, “ಅದಕ್ಕ ಕೈ ಹಚ್ಚಬ್ಯಾಡ ತಮ್ಮಾ, ಅದು ನಮ್ಮ ಕುಲದ್ದು,” ಎಂದರು. ಹಳಗನ್ನಡದಲ್ಲಿ ಜೇಡನೆಂದರೆ ನೇಕಾರನೇ. ನೇಯ್ಗೆಯ ಕಾಯಕ ಮಾಡಿದ ವಚನಕಾರನನ್ನು ಜೇಡರ ದಾಸಿಮಯ್ಯನೆಂದು ಕರೆದರು. ನೂಲು ತೆಗೆಯುವ ಹುಳಕ್ಕೂ ಅದೇ ಹೆಸರು ನಿಂತಿತು. ಇಂಥ ನಂಟಸ್ತಿಕೆಯ ಮುಂದೆ ನನ್ನ ದೂರು ನಿಲ್ಲಲಿಲ್ಲ.

ನನ್ನ ಪಾಡನ್ನು ಕೇಳಿದ ಲಕ್ಷ್ಮೇಶ್ವರದ ಗೆಳೆಯನೊಬ್ಬ ಬೇರೊಂದು ಔಷಧ ಹೇಳಿದ. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಅಲ್ಲಿಯವರಿಗೆ ಸಣ್ಣ ಮಾತು ಒಗ್ಗುವುದಿಲ್ಲ. “ಮುಳ್ಳನ್ನ ಮುಳ್ಳಿನಿಂದನ ತೆಗಿಬೇಕು. ಜಗತ್ತಿನ್ಯಾಗ ಎಲ್ಲಾಕ್ಕಿಂತ ದೊಡ್ಡ ಜೇಡ ಸಾಕು, ಇದು ನಿನಗ ಇರಿವಿ ಆಗಿ ಕಾಣತೈತಿ,” ಎಂದು, ಪರದೇಶದ ಪಟ್ಟಣಿಗರು ಗಾಜಿನ ಪೆಟ್ಟಿಗೆಯಲ್ಲಿ ಟರಾಂಟುಲಾ ಸಾಕುವ ಚಿತ್ರಗಳನ್ನು ತನ್ನ ಮೊಬೈಲಿನಲ್ಲಿ ತೋರಿಸಿದ. ಮೊದಲ ಚಿತ್ರಕ್ಕೆ ನಾನು ಕಣ್ಣು ಮುಚ್ಚಿಕೊಂಡೆ. ಹತ್ತನೆಯದನ್ನು ಒರೆಗಣ್ಣಿನಿಂದ ನೋಡಿದೆ. ಬರಬರುತ್ತ ಓದಬೇಕೆನಿಸಿತು.

ಟರಾಂಟುಲಾ ಎಂಬ ಹೆಸರು ಇಟಲಿಯ ತಾರಾಂತೋ ಎಂಬ ಊರಿನಿಂದ ಬಂದದ್ದು. ಅಲ್ಲಿಯ ಜೇಡವೊಂದು ಕಚ್ಚಿದರೆ ಕುಣಿದು ಕುಣಿದು ವಿಷ ಇಳಿಸಬೇಕೆಂದು ಹಿಂದಿನವರು ನಂಬಿದ್ದರು. ಆ ಜೇಡ ನಿಜವಾಗಿ ತೋಳಜೇಡದ ಜಾತಿಯದು. ಇಂದು ಆ ಹೆಸರನ್ನು ಹೊತ್ತವು ಬೇರೆ. ದಪ್ಪ ಮೈಯ, ತುಂಬ ಕೂದಲಿನ ಸಾವಿರಕ್ಕೆ ಮಿಕ್ಕಿದ ಜಾತಿಗಳು ಅವುಗಳಲ್ಲಿವೆ. ಮೊದಲ ಸಲ ಸಾಕುವವರು ಮೆಕ್ಸಿಕೋದ ಕೆಂಪು ಮೊಣಕಾಲಿನದನ್ನಾಗಲಿ ಚಿಲಿಯ ಗುಲಾಬಿ ಛಾಯೆಯದನ್ನಾಗಲಿ ಆರಿಸಿಕೊಳ್ಳುತ್ತಾರೆ. ಅವು ಸಾವಕಾಶದ ಪ್ರಾಣಿಗಳು. ಕೆಣಕಿದರೆ ಹೊಟ್ಟೆಯ ಮೇಲಿನ ತುರಿಕೆಯ ಕೂದಲನ್ನು ಹಿಂಗಾಲಿನಿಂದ ತೂರುತ್ತವೆ. ನಮ್ಮ ದೇಶದವುಗಳಿಗೆ ಆ ಅಸ್ತ್ರವಿಲ್ಲ. ಬದಲಿಗೆ ಓಟ ಚುರುಕು, ಕಡಿತ ಉರಿ. ಕೆಲವು ಜಾತಿಗಳ ಹೆಣ್ಣು 20 ವರ್ಷಕ್ಕೂ ಮೇಲ್ಪಟ್ಟು ಬಾಳುತ್ತದೆ. “ನಿನ್ನ ಬಿ.ಎ., ನೌಕರಿ, ಮದುವಿ ಎಲ್ಲಾ ನೋಡೇ ಸಾಯತೈತಿ,” ಎಂದು ಗೆಳೆಯ ಧೈರ್ಯ ಹೇಳಿದ.

ಇಡೀ ಜಗತ್ತಿನ ಹವ್ಯಾಸಿಗಳು ಆಸೆಪಡುವ ನೀಲಿ ಜೇಡದ ಊರು ನಮ್ಮಿಂದ ದೂರವೇನಿಲ್ಲವೆಂದು ತಿಳಿದಾಗ ಮಾತ್ರ ನನಗೆ ಬೆರಗಾಯಿತು. ಗದಗಿನಿಂದ ಮೂಡಣಕ್ಕೆ ಹೋಗುವ ರೈಲು ಬಳ್ಳಾರಿಯನ್ನು ದಾಟಿ ಗುಂತಕಲ್ಲು ಸೇರುತ್ತದೆ. ಅದರಾಚೆಗೆ ಹತ್ತಿರದಲ್ಲಿಯೇ ಗುತ್ತಿ. ಆ ಗುತ್ತಿಯ ರೈಲ್ವೆ ಕಟ್ಟಿಗೆಯ ಅಡ್ಡೆಯಲ್ಲಿ ದೊರೆತ ಜೇಡವನ್ನು 1899ರಲ್ಲಿ ಪೊಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು ವರ್ಣಿಸಿ ‘ಪೊಯಿಸಿಲೊಥೀರಿಯಾ ಮೆಟಾಲಿಕಾ’ ಎಂದು ಹೆಸರಿಟ್ಟರು. ಬಹುಶಃ ಅದು ಕಟ್ಟಿಗೆಯ ಜೊತೆಗೆ ರೈಲಿನಲ್ಲಿ ಬಂದ ಪ್ರಯಾಣಿಕ. ಬಳಿಕ ನೂರು ವರ್ಷ ಅದರ ಸುಳಿವಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಅದರ ನೀಲಿ ಬಣ್ಣ ಹಚ್ಚಿದ್ದಲ್ಲ. ಕೂದಲಿನ ಅತಿ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಹುಟ್ಟುವುದು. ಅದರ ನೆಲೆ ಬಹಳ ಚಿಕ್ಕದು. ಕಾಡಿನ ಮರಗಳು ಕಡಿಯಲ್ಪಡುತ್ತಿರುವಾಗ, ಅದರ ಸಂತತಿ ಮಾತ್ರ ಪರದೇಶದ ಗಾಜಿನ ಪೆಟ್ಟಿಗೆಗಳಲ್ಲಿ ಬೆಳೆಯುತ್ತಿದೆ. 2019ರಲ್ಲಿ ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳು ಆ ಇಡೀ ಕುಲದ ವ್ಯಾಪಾರಕ್ಕೆ ಕಟ್ಟು ಹಾಕಿದವು. ಚೆಲುವಿಗಾಗಿ ಮನೆ ಕಳೆದುಕೊಂಡ ಆ ಪ್ರಾಣಿಯ ಕಥೆ ಓದಿದಂದು ನನ್ನ ಅಂಜಿಕೆಯಲ್ಲಿ ಮೊದಲ ಬಾರಿಗೆ ಒಂದಿಷ್ಟು ಕನಿಕರ ಬೆರೆಯಿತು.

ಗೆಳೆಯ ಅಷ್ಟಕ್ಕೆ ಬಿಡಲಿಲ್ಲ. “ಹಂಗಾದ್ರ ಕಪ್ಪತಗುಡ್ಡದಾಗ ಬಿಲ ಅಗದು ತರೋಣು,” ಎಂದ. ಬಿಂಕದಕಟ್ಟಿಯಿಂದ ಸಿಂಗಟಾಲೂರಿನ ಕಡೆಗೆ ಗದಗ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಹಬ್ಬಿದ ಆ ಗುಡ್ಡ ನನ್ನ ಊರಿನಿಂದ ದಿನಾಲು ಕಾಣುವಂಥದು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಅಪ್ಪಣೆಯಿಲ್ಲದೆ ಅಲ್ಲಿಂದ ಒಂದು ಪ್ರಾಣಿಯನ್ನೂ ತರುವಂತಿಲ್ಲವೆಂಬುದು 1972ರ ಕಾಯಿದೆಯ ಮಾತು. ಕಾಯಿದೆ ಇರಲಿ, ಗಣಿಯವರ ಕೈಗೆ ಹೋಗದಂತೆ ನಮ್ಮ ಸೀಮೆಯ ಜನ ಹೋರಾಡಿ ಉಳಿಸಿಕೊಂಡ ಗುಡ್ಡವನ್ನು, ನನ್ನ ಪುಕ್ಕಲುತನದ ಔಷಧಿಗಾಗಿ ಅಗೆಯುವುದೆ? ಮನಸ್ಸು ಒಪ್ಪಲಿಲ್ಲ. ಹೀಗೆ ಮೆಕ್ಸಿಕೋ, ಗುತ್ತಿ, ಕಪ್ಪತಗುಡ್ಡಗಳನ್ನೆಲ್ಲ ಸುತ್ತಿ ಬಂದ ನನ್ನ ಆಯ್ಕೆ ಕೊನೆಗೆ ಖೋಲಿಯ ಗೋಡೆಯ ಮೇಲೆಯೇ ಬಂದು ನಿಂತಿತು. ಅದು ಟರಾಂಟುಲಾ ಅಲ್ಲ ನಿಜ. ಆದರೆ ನನ್ನ ಅಂಜಿಕೆಗೆ ಪಂಗಡಗಳ ಭೇದ ಎಲ್ಲಿ ಗೊತ್ತು?

ಅದರ ಹೆಸರು ‘ಹೆಟರೊಪೊಡಾ ವೆನಟೋರಿಯಾ’. 1767ರಲ್ಲಿ ಲಿನಿಯಸನು ಇಟ್ಟ ಈ ಹೆಸರಿನ ಎರಡನೆಯ ಮಾತಿಗೆ ಬೇಟೆಗಾರ್ತಿ ಎಂದು ಅರ್ಥ. ಬೆಟಗೇರಿಯ ಬೇಟೆಗಾರ್ತಿ! ಬಲೆ ಕಟ್ಟದೆ ರಾತ್ರಿಯ ಹೊತ್ತು ಜಿರಲೆಗಳನ್ನು ಅಟ್ಟಿ ಹಿಡಿಯುವುದು ಇದರ ವೃತ್ತಿ. ಕೈಯಲ್ಲಿ ಹಿಡಿದು ಒತ್ತಿದರೆ ಕಚ್ಚಬಹುದು, ನೋಯಬಹುದು, ಪ್ರಾಣಕ್ಕೆ ಅಪಾಯವಿಲ್ಲ. ಇಷ್ಟು ತಿಳಿದ ಮೇಲೆ ನಾನೊಂದು ಕಟ್ಟಳೆ ಮಾಡಿಕೊಂಡೆ. ಅದನ್ನು ಮುಟ್ಟಬಾರದು, ಡಬ್ಬಿಯಲ್ಲಿ ಹಾಕಬಾರದು, ಜಿರಲೆಯ ಔಷಧಿ ಹೊಡೆಯಬಾರದು. ರಾತ್ರಿ ಒಂಬತ್ತಕ್ಕೆ ಸ್ಟೂಲಿನ ಮೇಲೆ ಕುಳಿತು ಹತ್ತು ನಿಮಿಷ ನೋಡಬೇಕು, ಪ್ರತಿ ವಾರ ಸ್ಟೂಲನ್ನು ಒಂದು ಗೇಣು ಮುಂದೆ ಸರಿಸಬೇಕು. ಸಾಕುವುದೆಂದರೆ ಇಷ್ಟೇ ಸಾಕು ಎಂದುಕೊಂಡೆ.

ಮೊದಲ ರಾತ್ರಿ ಎದೆಬಡಿತ ಮರೆಯಲು ಅದರ ಕಾಲುಗಳನ್ನು ಎಣಿಸಿದೆ. ಏಳಾದವು. ಮತ್ತೆ ಎಣಿಸಿದೆ, ಏಳೇ. ಎಡಗಡೆಯ ಮೂರನೆಯ ಕಾಲು ಬುಡದಿಂದಲೇ ಇರಲಿಲ್ಲ. ನಾನು ಇಷ್ಟು ದಿನ ರಾಕ್ಷಸನೆಂದು ಭಾವಿಸಿದ್ದ ಪ್ರಾಣಿ ಒಂದು ಹೆಳವ ಹೆಣ್ಣು! ಮುಂದಿನ ವಾರಗಳಲ್ಲಿ ಕಣ್ಣುಗಳ ಕೆಳಗಿನ ಬಿಳಿಯ ಪಟ್ಟಿ ಕಂಡಿತು, ಹಣೆಯಿಂದ ಜಾರಿದ ವಿಭೂತಿಯಂತೆ. ಜೇಡಕ್ಕೆ ಕಾಲು ಮಡಿಚಲು ಸ್ನಾಯುಗಳಿವೆ, ಚಾಚಲು ಮುಖ್ಯ ಕೀಲುಗಳಲ್ಲಿ ಇಲ್ಲ. ಒಡಲಿನ ದ್ರವವನ್ನು ಒತ್ತಿ ಕಾಲು ಚಾಚುತ್ತದೆ. ಸತ್ತ ಜೇಡ ಕಾಲು ಮುದುಡಿಕೊಂಡಿರುವುದು ಅದಕ್ಕೇ. ಇದನ್ನು ಓದಿದ ಮೇಲೆ ಚಾಚಿದ ಆ ಕಾಲುಗಳನ್ನು ಕಂಡರೆ, ‘ಜೀವಂತವಾಗಿದ್ದಾಳೆ’ ಎಂಬ ಸಮಾಧಾನ ಮೊದಲು ಬರುತ್ತಿತ್ತು, ಅಂಜಿಕೆ ಆಮೇಲೆ.

ಗಣೇಶನ ಹಬ್ಬದ ಮುಂದೆ ನಾಲ್ಕು ದಿನ ಅವಳು ಮಾಯವಾದಳು. ಖೋಲಿ ಬರಿದೆನಿಸಿತು, ಹೀಗೆ ಅನಿಸಿದ್ದಕ್ಕೆ ನನಗೇ ಆಶ್ಚರ್ಯ. ಐದನೆಯ ರಾತ್ರಿ ಕಿಟಕಿಯ ಮೂಲೆಯಲ್ಲಿ ಒಣಗಿದ ಪೊರೆ ತೂಗುತ್ತಿತ್ತು, ಪಕ್ಕದಲ್ಲಿ ಹೊಸ ಮೈಯ ಅವಳು. ಎಣಿಸಿದೆ: ಎಂಟು! ಎಡಗಡೆಯ ಮೂರನೆಯ ಕಾಲು ತೆಳ್ಳಗೆ, ಗಿಡ್ಡಗೆ ಮೂಡಿತ್ತು. ಪೊರೆ ಕಳಚುವಾಗ ಜೇಡವು ಕಳೆದ ಕಾಲನ್ನು ಮತ್ತೆ ಪಡೆಯಬಲ್ಲದು. ಅಜ್ಜನವರನ್ನು ಕರೆದು ತೋರಿಸಿದೆ. “ನಮ್ಮ ಕುಲದ್ದಾದ್ರೂ ಇದು ನೇಯೂದಿಲ್ಲಲ್ಲ. ಮಗ್ಗ ಬಿಟ್ಟು ಕೂಲಿಗೆ ಹೋದ ನಮ್ಮ ಹುಡುಗರಂಗ,” ಎಂದು ನಕ್ಕರು. ಆ ನಗೆಯಲ್ಲಿ ಯಂತ್ರಮಗ್ಗಗಳ ಸದ್ದಿಗೆ ಸುಮ್ಮನಾದ ಎಷ್ಟೋ ಮನೆಗಳ ನೆನಪಿತ್ತು.

ದೀಪಾವಳಿಗೆ ಊರಿಗೆ ಹೋದಾಗ ಹೊಟ್ಟಿನ ಪುಟ್ಟಿ ತೆಗೆದುಕೊಂಡು ನಾನೇ ಎದ್ದೆ. ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೈ ನಡುಗಲಿಲ್ಲವೆಂದು ಹೇಳಲಾರೆ. ಆದರೆ ನಡುಗುವ ಕೈಯಿಂದಲೂ ಹೊಟ್ಟು ತುಂಬಬಹುದು. “ಇನ್ನ ನನ್ನ ನೀರು ಯಾರು ಹೊರಬೇಕಣ್ಣಾ?” ಎಂದು ಅವಳು ಕೇಳಿದ್ದೊಂದೇ ತೊಂದರೆ.

ಡಿಸೆಂಬರಿನಲ್ಲಿ ಅವಳು ಎದೆಯಡಿಯಲ್ಲಿ ಬಿಲ್ಲೆಯಂಥ ಬಿಳಿಯ ಚೀಲವೊಂದನ್ನು ಅವಚಿಕೊಂಡು ಕಾಣಿಸಿಕೊಂಡಳು. ಒಳಗೆ ನೂರಕ್ಕೆ ಮಿಕ್ಕಿದ ತತ್ತಿಗಳು. ಹೊರಗೆ ಅವಳೇ ನೂಲು ತೆಗೆದು ಮಾಡಿದ ಬಿಗಿಯಾದ ಹೊದಿಕೆ. ಹೊತ್ತು ಬಂದಾಗ ಕಸಬು ಮರೆತಿರಲಿಲ್ಲ. ಅಜ್ಜನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಒಳ್ಳೆ ಘಟ್ಟಿ ಬಂದೈತಿ,” ಎಂದರು. ಸೀರೆಯ ಅಂಚನ್ನು ನೋಡಿ ಹೇಳುವ ದನಿ ಅದು. ವಾರಗಟ್ಟಲೆ ಅವಳು ಬೇಟೆಗೆ ಹೊರಡಲಿಲ್ಲ, ಚೀಲ ಕೆಳಗಿಡಲಿಲ್ಲ. ಪರೀಕ್ಷೆಗೆ ರಾತ್ರಿ ಓದುತ್ತಿದ್ದ ನನಗೆ ಅವಳು ಜೊತೆ, ಅವಳಿಗೆ ನಾನು. ಸಂಕ್ರಾಂತಿಯ ಮುಂದೆ ಮರಿಗಳು ಹೊರಬಂದು, ಕೆಲವು ದಿನ ಗೋಡೆಯ ಮೇಲೆ ಎಳ್ಳು ಚೆಲ್ಲಿದಂತೆ ಕಂಡು, ಒಂದೊಂದಾಗಿ ಕಿಟಕಿಯಾಚೆ ಹೋದವು.

ಆ ತಿಂಗಳಲ್ಲಿಯೇ ಖೋಲಿಗೆ ಶಿರಹಟ್ಟಿಯ ಹುಡುಗನೊಬ್ಬ ಜೊತೆಗಾರನಾಗಿ ಬಂದ. ಟ್ರಂಕು ಒಳಗಿಟ್ಟವನು ಗೋಡೆ ನೋಡಿ ಹಿಂದೆ ಸರಿದು, ಹೊಸ್ತಿಲ ಹೊರಗೆ ನಿಂತುಬಿಟ್ಟ. ನಾನು ನಗಲಿಲ್ಲ. “ಕಾಲು ಎಣಿಸು ತಮ್ಮಾ,” ಎಂದೆ. ಅಲ್ಲಿಂದಲೇ ಎಣಿಸಿ, “ಎಂಟು ಅದಾವಣ್ಣಾ,” ಎಂದ. “ಅದರಾಗ ಒಂದು ಸಣ್ಣದೈತಿ, ಯಾವುದು ಹೇಳು?” ಎಂದೆ. ಅಷ್ಟು ದೂರದಿಂದ ಅದು ತಿಳಿಯುವಂತಿರಲಿಲ್ಲ. ಅವನು ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗೆ ಬಂದ.